ನಾಚ್ಕೆ ಹುಡುಗ, ಒಳ್ಳೇವ್ನು: ಪಾವಗಡದ ಬಸ್ಸಿನಲ್ಲಿ ಮೊದಲ ಪ್ರೀತಿ ಯಾಕೆ ಬಾಯಿಬಿಡಲ್ಲ?

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಅನ್ನೋ ಹೆಸರನ್ನ ನೀವು ಎಲ್ಲಾದರೂ ಕೇಳಿದ್ದರೆ ಅದು ಸೋಲಾರ್ ಪಾರ್ಕ್ ದೆಸೆಯಿಂದಲೇ ಇರಬೇಕು. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು ಜೊತೆ ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ‘ಶಕ್ತಿ ಸ್ಥಳ’ ಹರಡಿಕೊಂಡಿದೆ. 2018ರ ಮಾರ್ಚ್ 1ರಂದು ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಉದ್ಘಾಟಿಸಿದ್ದು. ಅಲ್ಲಿಂದ ಈಚೆಗೆ ಈ ಊರುಗಳ ಬಗ್ಗೆ ಬಂದ ಸುದ್ದಿಯಲ್ಲಿ ಎಕರೆ ಇರುತ್ತೆ, ಬಾಡಿಗೆ ಇರುತ್ತೆ, ಮೆಗಾವಾಟ್ ಇರುತ್ತೆ. ಅಲ್ಲಿನ ಹತ್ತೊಂಬತ್ತರ ಹುಡುಗನೊಬ್ಬನಿಗೆ ಯಾರ ಮೇಲಾದರೂ ಮನಸ್ಸಾದರೆ ಮುಂದೇನು ಅನ್ನೋದು ಸುದ್ದಿ ಆಗೋದು ಎರಡೇ ಸಂದರ್ಭದಲ್ಲಿ: ಪೊಲೀಸ್ ಕೇಸಾದಾಗ, ಹೆಣ ಬಿದ್ದಾಗ. ಅದಕ್ಕೂ ಮುಂಚಿನದ್ದನ್ನ ಖಾಸಗಿ ವಿಷಯ ಅಂತ ಬಿಟ್ಟುಬಿಡ್ತೀವಿ.

ಆ ಮುಂಚಿನದ್ದನ್ನ ನೋಡೋಣ ಅಂತಲೇ ಈ ಬರಹ.

ಒಬ್ಬ ಹುಡುಗನನ್ನ ಊಹಿಸಿಕೊಳ್ಳಿ. ಹೆಸರು ಬೇಡ. ಬಿಕಾಂ ಎರಡನೇ ವರ್ಷ, ದಿನಾ ಪಾವಗಡಕ್ಕೆ ಬಸ್ಸು. ಮನೇಲಿ ತೆಲುಗು, ಕಾಲೇಜಲ್ಲಿ ಕನ್ನಡ, ಫೋನಲ್ಲಿ ಎರಡೂ. ಅವಳೂ ಅದೇ ಕಾಲೇಜು, ಅದೇ ಬಸ್ಸು, ಬೇರೆ ಊರು. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಲ್ಲಿ ಅವಳು ದುಡ್ಡು ಕೊಡಬೇಕಿಲ್ಲ, ಇವನು ಕೊಡಬೇಕು. ‘ನಿಮ್ದೂ ಟಿಕೆಟ್ ತಗೊಳ್ಳಾ?’ ಅಂತ ಮಾತು ಶುರು ಮಾಡುವ ಹಳೇ ದಾರಿಯೂ ಹೋಯ್ತು ಅನ್ನಿ. (ಯೋಜನೆ ಬೇಡ ಅಂತ ಅಲ್ಲ. ಅವಳು ಕಾಲೇಜಿಗೆ ಬರ್ತಿರೋದಕ್ಕೇ ಅದೂ ಒಂದು ಕಾರಣ ಇರಬಹುದು.) ಅವಳು ಯಾವ ಸ್ಟಾಪಲ್ಲಿ ಹತ್ತುತ್ತಾಳೆ, ಯಾವತ್ತು ಬರಲ್ಲ, ಯಾವ ಸೀಟು, ಎಲ್ಲ ಇವನಿಗೆ ಬಾಯಿಪಾಠ. ಎಂಟು ತಿಂಗಳಾದರೂ ಒಂದು ಮಾತಿಲ್ಲ. ಗೆಳೆಯರು ‘ಹೋಗ್ಲಾ, ಹೇಳ್ಲಾ’ ಅಂತ ನೂಕುತ್ತಾರೆ. ರಾತ್ರಿ ಮೆಸೇಜ್ ಟೈಪ್ ಮಾಡ್ತಾನೆ, ಅಳಿಸ್ತಾನೆ.

ಇನ್ನೂ ಒಂದಿದೆ. ಬಸ್ಸಲ್ಲಿ ಅವಳ ದನಿ ಕೇಳಿದಾಗ ಆಗೋದು ಒಂದು. ರಾತ್ರಿ ಮೈ ಕೇಳೋದು ಇನ್ನೊಂದು. ಇವೆರಡೂ ಒಂದೇನಾ, ಬೇರೆಬೇರೆನಾ ಅಂತ ಅವನಿಗೆ ಗೊತ್ತಿಲ್ಲ. ಮೊದಲನೆಯದನ್ನ ಅವನು ‘ಲವ್’ ಅಂತಾನೆ. ಎರಡನೆಯದನ್ನ ತಪ್ಪು ಅಂದುಕೊಂಡಿದ್ದಾನೆ. ಅವಳನ್ನ ನೆನೆಸಿಕೊಂಡಾಗ ಎರಡನೆಯದೂ ಬಂದುಬಿಟ್ಟರೆ ಮಾರನೇ ದಿನ ಬಸ್ಸಲ್ಲಿ ತಲೆ ಎತ್ತಿ ನೋಡೋಕಾಗಲ್ಲ.

ಊರು ಇವನನ್ನ ‘ನಾಚ್ಕೆ ಹುಡುಗ, ಒಳ್ಳೇವ್ನು’ ಅನ್ನುತ್ತೆ. ಸ್ವಭಾವ ಒಂದಷ್ಟು ಇರಬಹುದು. ಆದರೆ ಈ ಮೌನದ ದೊಡ್ಡ ಪಾಲು ಅವನ ಸುತ್ತಲಿನವರು ತಯಾರು ಮಾಡಿದ್ದು. ಮದುವೆಗೆ, ನೆಂಟಸ್ತಿಕೆಗೆ, ಅಪರಾಧಕ್ಕೆ ನಾವು ಅವನಿಗೆ ಮಾತು ಕಲಿಸಿದ್ದೀವಿ. ಇಷ್ಟಕ್ಕೆ ಮತ್ತು ಆಸೆಗೆ ಕಲಿಸಿಲ್ಲ.

ವರಸೆ ಇದ್ದರೆ ಮಾತು

ಈ ಭಾಗದ ಹುಡುಗರಿಗೆ ಹುಡುಗಿಯರ ಜೊತೆ ಮಾತಾಡೋಕೆ ಬರೋದೇ ಇಲ್ಲ ಅಂತ ಅಂದುಕೊಳ್ಳಬೇಡಿ. ಅತ್ತೆ ಮಗಳೋ ಮಾವನ ಮಗಳೋ ಮನೆಗೆ ಬಂದರೆ ಇದೇ ನಾಚ್ಕೆ ಹುಡುಗ ರೇಗಿಸ್ತಾನೆ, ಅವಳೂ ಬಿಡಲ್ಲ. ಅಜ್ಜಿ ಕೂತು ನಗ್ತಾಳೆ, ‘ಇವ್ಳನ್ನೇ ಕಟ್ಕೊಳ್ಳೋ’ ಅಂತಾಳೆ. ಅದಕ್ಕೆ ಪರವಾನಗಿ ಇದೆ, ಅದರ ಹೆಸರು ವರಸೆ. ವರಸೇಲಿ ಹೆಂಡತಿ ಆಗಬಹುದಾದವಳ ಜೊತೆ ಸಲಿಗೆ ಸರಿ. ವರಸೇಲಿ ತಂಗಿ ಆಗುವವಳ ಕಡೆ ಕಣ್ಣೆತ್ತಿ ನೋಡೋದೂ ತಪ್ಪು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆ ರಕ್ತಸಂಬಂಧದಲ್ಲೇ ಆಗಿವೆ. ದೇಶದಲ್ಲಿ ತಮಿಳುನಾಡು, ಕರ್ನಾಟಕ, ಆಂಧ್ರ ಈ ಲೆಕ್ಕದಲ್ಲಿ ಮುಂದಿವೆ. ಪಾವಗಡ ಅನ್ನೋದು ಮೂರು ಕಡೆ ಆಂಧ್ರ ಇರುವ ತಾಲ್ಲೂಕು, ನೆಂಟಸ್ತಿಕೆ ರಾಜ್ಯದ ಗಡಿ ನೋಡೋದೇ ಇಲ್ಲ.

ಬಸ್ಸಲ್ಲಿರೋ ಹುಡುಗಿಗೆ ವರಸೆ ಇಲ್ಲ. ಅವಳು ಅತ್ತೆ ಮಗಳಲ್ಲ, ತಂಗಿಯೂ ಅಲ್ಲ. ಅವಳನ್ನ ಏನಂತ ಕರೀಬೇಕು ಅನ್ನೋದೇ ಇವನಿಗೆ ಗೊತ್ತಿಲ್ಲ, ಇನ್ನು ಮಾತು ಎಲ್ಲಿಂದ? ಹುಡುಗರ ಮಾತಲ್ಲಿ ಇದಕ್ಕಿರೋ ಶಬ್ದಗಳನ್ನ ನೋಡಿ: ಲವ್, ಪ್ರಪೋಸ್, ಲೈನ್, ಸೆಟ್, ಬ್ರೇಕಪ್. ಎಲ್ಲ ಎರವಲು. ಕನ್ನಡದಲ್ಲಿ ‘ನಾನು ನಿನ್ನ ಪ್ರೀತಿಸ್ತೀನಿ’ ಅಂತ ಯಾರಾದರೂ ಅಂದರೆ ಸಿನಿಮಾ ಡೈಲಾಗ್ ಅಂತ ಅಲ್ಲೇ ಕೂತವರು ನಗ್ತಾರೆ. ‘ನೀನು ನಂಗಿಷ್ಟ’ ಅನ್ನೋದು ಇದ್ದಿದ್ದರಲ್ಲಿ ಸುಲಭ. ಅದನ್ನೂ ಹೇಳಿದ ಮೇಲೆ ಮುಂದೇನು ಅನ್ನೋದಕ್ಕೆ ಅವನು ಕಂಡಿರೋ ಮಾದರಿ ಒಂದೇ, ಓಡಿಹೋಗೋದು. ಇಬ್ಬರು ಇಷ್ಟಪಟ್ಟು, ಒಂದು ವರ್ಷ ಮಾತಾಡಿ, ಹೊಂದಲ್ಲ ಅಂತ ಸುಮ್ಮನೆ ದೂರ ಆದರು ಅನ್ನೋ ಕಥೆ ಅವನ ಊರಲ್ಲಿ ಯಾರೂ ಹೇಳಲ್ಲ. ನಡೆದಿರುತ್ತೆ, ಹೇಳಲ್ಲ ಅಷ್ಟೇ.

ಎಷ್ಟು ಎಕರೆ?

ಹುಡುಗಿ ಮನೆಯವರು ಕೇಳೋ ಮೊದಲ ಪ್ರಶ್ನೆ ಏನು ಅಂತ ಇವನಿಗೆ ಗೊತ್ತು. ಸೋಲಾರ್ ಪಾರ್ಕ್ ಊರುಗಳಲ್ಲಿ ಆ ಪ್ರಶ್ನೆಯ ಉತ್ತರ ಬದಲಾಗಿದೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ಜಮೀನು ಗುತ್ತಿಗೆಗೆ ಹೋಯಿತು. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈಸುಟ್ಟುಕೊಳ್ಳುತ್ತಿದ್ದವರಿಗೆ ಅದು ಸಣ್ಣದಲ್ಲ. ಹತ್ತೆಕರೆ ಇದ್ದವನಿಗೆ ಎರಡು ಲಕ್ಷ ಕೂತಲ್ಲೇ. ಒಂದೆಕರೆ ಇದ್ದವನಿಗೆ ತಿಂಗಳಿಗೆ ಎರಡು ಸಾವಿರವೂ ಇಲ್ಲ. ಜಮೀನೇ ಇಲ್ಲದವರಿಗೆ ಬಾಡಿಗೆಯೂ ಇಲ್ಲ, ಮೊದಲಿದ್ದ ಕೂಲಿಯೂ ಇಲ್ಲ, ಕುರಿ ಮೇಯಿಸೋಕೆ ಬಯಲೂ ಇಲ್ಲ. ಉಳಿದ ಕೆಲಸ ಅಂದರೆ ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ಸೆಕ್ಯುರಿಟಿ. ಅದೂ ಕಂಟ್ರಾಕ್ಟ್. ಜಮೀನಿಲ್ಲದವರು ಯಾವ ಜಾತಿಯವರು ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಒಂದೇ ಬಸ್ಸಿನ ಇಬ್ಬರು ನಾಚ್ಕೆ ಹುಡುಗರ ನಾಚಿಕೆ ಒಂದೇ ಅಲ್ಲ. ಒಬ್ಬನದು ‘ಅವಳು ಒಪ್ತಾಳೋ ಇಲ್ಲವೋ’. ಇನ್ನೊಬ್ಬನದು ‘ಅವಳು ಒಪ್ಪಿಬಿಟ್ಟರೆ ಏನ್ಮಾಡೋದು’.

ರಾಜಕೀಯ ಈ ವಿಷಯಕ್ಕೆ ಬರೋದು ತುಂಬಾ ತಡವಾಗಿ, ಹುಡುಗನಿಗೆ ಮೂವತ್ತು ದಾಟಿದ ಮೇಲೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೊರಟಿತ್ತು, ರೈತರ ಮಕ್ಕಳಿಗೆ ಹೆಣ್ಣು ಸಿಗಲಿ ಅಂತ ಹರಕೆ. ಅದಾಗಿ ಎರಡು ತಿಂಗಳಿಗೆ ಚುನಾವಣೆ ಪ್ರಚಾರದಲ್ಲಿ ಎಚ್.ಡಿ. ಕುಮಾರಸ್ವಾಮಿ, ರೈತನ ಮಗನನ್ನ ಮದುವೆಯಾಗುವ ಹುಡುಗಿಗೆ 2 ಲಕ್ಷ ರೂಪಾಯಿ ಅಂತ ಕೋಲಾರದಲ್ಲಿ ಭರವಸೆ ಕೊಟ್ಟರು. ನಡೆದವರ ನೋವು ನಿಜವಾದದ್ದು, ನಗೋಕೆ ನಂಗೆ ಮನಸ್ಸು ಬರಲ್ಲ. ಆದರೆ ‘ಹೆಣ್ಣು ಸಿಗೋದು’, ‘ಹೆಣ್ಣು ಕೊಡೋದು’ ಅನ್ನೋ ಮಾತಲ್ಲಿ ಹೆಣ್ಣು ಯಾವತ್ತೂ ಮಾತಾಡಲ್ಲ ಗಮನಿಸಿ. ಎರಡು ಲಕ್ಷ ಸಾಲದು ಅನ್ನೋದು ನನ್ನ ತಕರಾರಲ್ಲ. ಹತ್ತೊಂಬತ್ತರಲ್ಲಿ ಒಬ್ಬಳ ಜೊತೆ ಸರಿಸಮ ಕೂತು ಮಾತಾಡೋಕೆ ಜಾಗ ಕೊಡದ ಸಮಾಜ, ಮೂವತ್ತೈದಕ್ಕೆ ಅವನಿಗೆ ಒಬ್ಬಳನ್ನ ‘ಕೊಡಿಸೋ’ ಯೋಜನೆ ಮಾಡೋಕೆ ಹೊರಡುತ್ತಲ್ಲ, ತಕರಾರು ಅದು.

ಗೋಡೆ ಮೇಲಿನ ಡಾಕ್ಟರು

ಈಗ ಎರಡನೆಯದಕ್ಕೆ ಬರೋಣ, ಮೈಯ ಮಾತಿಗೆ. ಇದನ್ನ ಬರೆಯುವಾಗ ನಾವೂ ಸುತ್ತಿ ಬಳಸಿ ಬರೀತೀವಿ, ನೇರ ಬರೆಯೋಣ. ಹದಿಮೂರು ಹದಿನಾಲ್ಕರಿಂದ ಹುಡುಗರಿಗೆ ನಿದ್ದೆಯಲ್ಲಿ ವೀರ್ಯ ಹೋಗುತ್ತೆ. ಹಸ್ತಮೈಥುನ ಬಹುತೇಕ ಎಲ್ಲ ಹುಡುಗರೂ ಮಾಡ್ತಾರೆ. ಇದರಿಂದ ರಕ್ತ ಕಮ್ಮಿ ಆಗಲ್ಲ, ಕಣ್ಣು ಗುಳಿ ಬೀಳಲ್ಲ, ನೆನಪಿನ ಶಕ್ತಿ ಹೋಗಲ್ಲ, ಮುಂದೆ ಮಕ್ಕಳಾಗಲ್ಲ ಅನ್ನೋದೂ ಸುಳ್ಳು. ವೈದ್ಯಶಾಸ್ತ್ರದಲ್ಲಿ ಇದರ ಬಗ್ಗೆ ಅನುಮಾನ ಉಳಿದಿಲ್ಲ.

ಆದರೆ ನಮ್ಮ ಹುಡುಗನಿಗೆ ಗೊತ್ತಿರೋದು ಬೇರೆ. ನಲವತ್ತು ಹನಿ ರಕ್ತ ಸೇರಿ ಒಂದು ಹನಿ ವೀರ್ಯ. ‘ಧಾತು’ ಹೋದರೆ ಗಂಡಸುತನ ಹೋಯ್ತು. ಈ ಭಯದಲ್ಲೇ ಸುಸ್ತು, ಎದೆ ಬಡಿತ, ನಿದ್ದೆಗೇಡು ಬಂದು ಆಸ್ಪತ್ರೆಗೆ ಬರುವ ಯುವಕರನ್ನ ನೋಡಿ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಇದಕ್ಕೆ ‘ಧಾತ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಅಂದರೆ ಕಾಯಿಲೆ ತರ್ತಿರೋದು ಭಯ. ಬಸ್‌ಸ್ಟ್ಯಾಂಡ್ ಶೌಚಾಲಯದ ಗೋಡೆ ಮೇಲೆ, ಕಾಂಪೌಂಡ್ ಮೇಲೆ ‘ಗುಪ್ತರೋಗ ತಜ್ಞರು’ ಇರ್ತಾರಲ್ಲ, ತಿಂಗಳಿಗೊಮ್ಮೆ ಲಾಡ್ಜಿಗೆ ಬಂದು ಪುಡಿ ಕೊಟ್ಟು ಹೋಗೋರು, ಅವರ ವ್ಯಾಪಾರ ನಡೀತಿರೋದು ಈ ಭಯದ ಮೇಲೆ. ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿ ಅಂತ ಜಾಹೀರಾತು ಕೊಡೋದು 1954ರ ಕಾಯ್ದೆ ಪ್ರಕಾರ ಅಪರಾಧ. ಎಪ್ಪತ್ತು ವರ್ಷ ಆಯ್ತು, ಗೋಡೆ ಹಾಗೇ ಇದೆ. ಈಗ ಗೋಡೆ ಫೋನೊಳಗೂ ಬಂದಿದೆ, ರೀಲ್ಸ್ ರೂಪದಲ್ಲಿ.

ಶಾಲೆ ಏನು ಮಾಡಿತು? 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ ‘ಸಂಸ್ಕೃತಿ ಹಾಳಾಗುತ್ತೆ’ ಅಂತ ಗಲಾಟೆ ಎದ್ದಾಗ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಜೊತೆ ಕರ್ನಾಟಕವೂ ಬೇಡ ಅಂದಿತು. ಆಗ ಇಲ್ಲಿ ಜೆಡಿಎಸ್-ಬಿಜೆಪಿ ಸಮ್ಮಿಶ್ರ ಸರ್ಕಾರ. ಆವತ್ತು ಒಂಬತ್ತನೇ ಕ್ಲಾಸಲ್ಲಿದ್ದವರು ಇವತ್ತು ಮೂವತ್ತು ದಾಟಿದ ಅಪ್ಪಂದಿರು. ಅವರೂ ಮಗನಿಗೆ ಏನು ಹೇಳಬೇಕು ಅಂತ ತಿಳಿಯದೆ ಕೂತಿರ್ತಾರೆ. ಕನ್ನಡದಲ್ಲಿ ಇದರ ಬಗ್ಗೆ ಪುಸ್ತಕ ಇಲ್ಲ ಅಂತಲ್ಲ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದರು, ಮನೆಮನೆಗೆ ಹೋಯಿತು. ಆದರೆ ಹೆಸರಲ್ಲೇ ಇದೆ ನೋಡಿ, ದಾಂಪತ್ಯ. ಮದುವೆ ಆದವರಿಗೆ ಮಾತ್ರ ಮೈ ಇದೆ ಅನ್ನೋ ಹಾಗೆ.

ಶಾಲೆ ಬಿಟ್ಟ ಜಾಗವನ್ನ ಪೋರ್ನ್ ತುಂಬಿದೆ. ಅಲ್ಲಿ ಆಸೆ ಇದೆ, ಮಾತಿಲ್ಲ, ಒಪ್ಪಿಗೆ ಕೇಳೋದಿಲ್ಲ, ಅಂಜಿಕೆ ಇಲ್ಲ. ‘ಲವ್’ ಅಂದರೆ ಸಿನಿಮಾ ಹಾಡು, ಆಸೆ ಅಂದರೆ ಆ ವಿಡಿಯೋ, ಎರಡಕ್ಕೂ ಮಧ್ಯೆ ಬಸ್ಸಲ್ಲಿ ಕೂತ ಜೀವಂತ ಹುಡುಗಿ ಎಲ್ಲೂ ಇಲ್ಲ.

ಅವನ ಮನಸ್ಸು ಹೋಗಿದ್ದು ಹುಡುಗಿ ಮೇಲಲ್ಲ, ಹಿಂದಿನ ಸೀಟಿನ ಗೆಳೆಯನ ಮೇಲೆ ಅಂತಾದರೆ ಈ ಮೌನ ಇನ್ನೂ ನಾಲ್ಕು ಪಟ್ಟು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ವಿಚಾರದಲ್ಲಿ ವಯಸ್ಕರ ಒಪ್ಪಿತ ಸಂಬಂಧ ಅಪರಾಧ ಅಲ್ಲ ಅಂದಿದೆ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗೋವರೆಗೂ ಆ ತೀರ್ಪು ಅವನಿಗೆ ತಲುಪದೇ ಇರಬಹುದು.

18, 21 ಮತ್ತು ಪೋಕ್ಸೊ

ಕಾನೂನು ಏನನ್ನುತ್ತೆ ಅನ್ನೋದು ಇಂಥ ಹುಡುಗನಿಗೆ ಗೊತ್ತಿರಲೇಬೇಕು, ಯಾಕಂದರೆ ಗೊತ್ತಿಲ್ಲದೆ ಸಿಕ್ಕಿಬೀಳೋನು ಅವನೇ.

ಇಬ್ಬರಿಗೂ 18 ತುಂಬಿದ್ದರೆ ಪ್ರೀತಿಸೋದು, ಜೊತೆಗಿರೋದು, ಒಪ್ಪಿತ ದೈಹಿಕ ಸಂಬಂಧ ಯಾವುದೂ ಅಪರಾಧ ಅಲ್ಲ. ಮದುವೆಗೆ ಮಾತ್ರ ಹುಡುಗನಿಗೆ 21 ಆಗಿರಬೇಕು. 21 ಆಗಿಲ್ಲ ಅನ್ನೋ ಕಾರಣಕ್ಕೆ ವಯಸ್ಕರಿಬ್ಬರು ಒಟ್ಟಿಗೆ ಬಾಳೋದನ್ನ ತಡೆಯೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. 2021ರ ಫೆಬ್ರುವರಿಯಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆಯ ಪ್ರಕರಣದಲ್ಲಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರ, ಸಮುದಾಯದ ಒಪ್ಪಿಗೆ ಬೇಕಿಲ್ಲ, ಇಂಥ ಕೇಸು ನಿಭಾಯಿಸೋದು ಹೇಗೆ ಅಂತ ಪೊಲೀಸರಿಗೆ ತರಬೇತಿ ಕೊಡಿ ಅಂತಲೂ ಹೇಳಿತು.

ಅವಳಿಗೆ ಹದಿನೇಳೂವರೆ ಆಗಿದ್ದರೆ ಚಿತ್ರವೇ ಬೇರೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಗೆ 18ರ ಒಳಗಿನವರ ಒಪ್ಪಿಗೆ ಲೆಕ್ಕಕ್ಕೇ ಇಲ್ಲ. ಅದಕ್ಕೂ ಮೊದಲು ಒಪ್ಪಿಗೆಯ ವಯಸ್ಸು 16 ಇತ್ತು. ಲೈಂಗಿಕ ಉದ್ದೇಶ ಇಲ್ಲದೆ ಸುಮ್ಮನೆ ಮಾತಾಡಿದ್ದಕ್ಕೆ, ಪತ್ರ ಬರೆದಿದ್ದಕ್ಕೆ ಪೋಕ್ಸೊ ಬೀಳಲ್ಲ. ಲೈಂಗಿಕ ಉದ್ದೇಶದಿಂದ ಮುಟ್ಟಿದ್ದು ಬೀಳುತ್ತೆ. ದೈಹಿಕ ಸಂಬಂಧ ಆಗಿದ್ದರೆ 2019ರ ತಿದ್ದುಪಡಿ ಪ್ರಕಾರ ಕನಿಷ್ಠ 10 ವರ್ಷ ಜೈಲು. ವಿಷಯ ತಿಳಿದ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಸುಮ್ಮನಿದ್ದರೆ ಅವರ ಮೇಲೇ ಕೇಸು. ಹಾಗಾಗಿ ಹುಡುಗಿಯೂ ಆಸ್ಪತ್ರೆಗೆ ಹೋಗೋಕೆ ಹೆದರ್ತಾಳೆ.

ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 2016ರಿಂದ 2020ರವರೆಗಿನ 7,064 ಪೋಕ್ಸೊ ತೀರ್ಪುಗಳನ್ನ ಓದಿ ನೋಡಿದಾಗ ಅದರಲ್ಲಿ 1,715, ಅಂದರೆ ಸುಮಾರು ಕಾಲುಭಾಗ, ಪ್ರೇಮ ಸಂಬಂಧದ ಕೇಸುಗಳಾಗಿದ್ದವು. 2022ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವೂ ಇಂಥದ್ದೇ ಒಂದು ಪ್ರಕರಣ ನೋಡಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಜೊತೆಗೆ ಒಂಬತ್ತನೇ ತರಗತಿಯಿಂದ ಪೋಕ್ಸೊ ಬಗ್ಗೆ ಪಾಠ ಮಾಡಿ ಅಂತ ಶಿಕ್ಷಣ ಇಲಾಖೆಗೆ ಸೂಚಿಸಿತು. ಪಾಠ ಬೇಕು, ಸರಿ. ಆದರೆ ಪ್ರೀತಿ, ಮೈ, ಒಪ್ಪಿಗೆ ಅಂದರೆ ಏನು ಅಂತ ಹೇಳದೆ ಬರೀ ಎಷ್ಟು ವರ್ಷ ಜೈಲು ಅಂತ ಹೇಳಿದರೆ ಹುಡುಗ ಇನ್ನಷ್ಟು ಮುದುಡ್ತಾನೆ ಅಷ್ಟೇ. ಕಾನೂನು ಆಯೋಗ 2023ರ ಸೆಪ್ಟೆಂಬರ್‌ನ 283ನೇ ವರದಿಯಲ್ಲಿ ವಯಸ್ಸು ಇಳಿಸೋದು ಬೇಡ, 16ರಿಂದ 18ರ ನಡುವಿನ ಒಪ್ಪಿತ ಪ್ರಕರಣಗಳಲ್ಲಿ ಜಡ್ಜ್‌ಗಳಿಗೆ ವಿವೇಚನೆ ಕೊಡಿ ಅಂತ ಹೇಳಿ ಮುಗಿಸಿತು.

2025ರ ಮೇ 23ರಂದು ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಪರಾಧಿಗೆ ಶಿಕ್ಷೆ ವಿಧಿಸದೆ ಬಿಟ್ಟಿದ್ದನ್ನ ಹಲವರು ಪ್ರೀತಿ ಗೆದ್ದಿತು ಅಂತ ಹಂಚಿಕೊಂಡರು. ಅಲ್ಲಿ ಹುಡುಗಿಗೆ 14, ಅವನಿಗೆ 25 ಇತ್ತು. ಕೋರ್ಟು ಬಿಟ್ಟಿದ್ದು ಮುಂದೆ ಅವಳ ಬದುಕು ಇನ್ನಷ್ಟು ಮುರಿಯಬಾರದು ಅಂತ. ಅದನ್ನ ಪ್ರೇಮಕಥೆ ಅನ್ನೋಕೆ ನಾನು ತಯಾರಿಲ್ಲ. ಹದಿನೇಳು-ಹತ್ತೊಂಬತ್ತರ ಇಬ್ಬರನ್ನ ಅದೇ ತಕ್ಕಡಿಗೆ ಹಾಕೋದು ಕೂಡ ಸರಿಯಿಲ್ಲ. ವಯಸ್ಸಿನ ಅಂತರ ಕಡಿಮೆ ಇದ್ದರೆ ವಿನಾಯಿತಿ ಕೊಡಿ ಅನ್ನೋ ಬೇಡಿಕೆಯ ಅರ್ಥ ಇಷ್ಟೇ.

ಕೇಸು ಯಾರ ಮೇಲೆ, ಕೊಡಲಿ ಯಾರ ಮೇಲೆ

ದೂರು ಕೊಡೋದು ಸಾಮಾನ್ಯವಾಗಿ ಹುಡುಗಿ ಅಲ್ಲ, ಅವಳ ಮನೆಯವರು. ಯಾವಾಗ ಕೊಡ್ತಾರೆ ಅನ್ನೋದನ್ನ ಜಾತಿ ತೀರ್ಮಾನಿಸುತ್ತೆ. ಒಂದೇ ಜಾತಿ, ವರಸೆ ಕೂಡಿದರೆ ಹದಿನೇಳರವಳಿಗೆ ಮದುವೆಯನ್ನೇ ಮಾಡಿಬಿಡ್ತಾರೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿಗೆ 18ಕ್ಕೆ ಮೊದಲೇ ಮದುವೆಯಾಗಿತ್ತು ಅನ್ನುತ್ತೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಹುಡುಗ ದಲಿತನಾದರೆ, ಅವಳದು ಜಮೀನು ಇರುವ ಜಾತಿಯಾದರೆ, ಆಗ ಅವಳ ವಯಸ್ಸು ಎಲ್ಲರಿಗೂ ನೆನಪಾಗುತ್ತೆ.

ಕೇಸು ಬಿದ್ದರೆ ಇನ್ನೂ ಪುಣ್ಯ. 2023ರ ಜೂನ್‌ನಲ್ಲಿ ಕೋಲಾರ ಜಿಲ್ಲೆಯ ಬೋಡಗುರ್ಕಿಯಲ್ಲಿ, ದಲಿತ ಹುಡುಗನನ್ನ ಪ್ರೀತಿಸಿದಳು ಅಂತ ಮಗಳನ್ನ ಕೊಂದ ಆರೋಪದಲ್ಲಿ ತಂದೆಯ ಬಂಧನವಾಯಿತು. ಸುದ್ದಿ ತಿಳಿದ ಹುಡುಗ ರೈಲಿಗೆ ತಲೆಕೊಟ್ಟ. ಇಂಥದ್ದನ್ನ ತಡೆಯೋಕೆ ಜಿಲ್ಲೆಗೊಂದು ವಿಶೇಷ ಘಟಕ, ಸಹಾಯವಾಣಿ, ಜೋಡಿಗಳಿಗೆ ಸುರಕ್ಷಿತ ಮನೆ ಇರಬೇಕು ಅಂತ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದೇ ಹೇಳಿತ್ತು. ನಿಮ್ಮ ಜಿಲ್ಲೆಯಲ್ಲಿ ಅದು ಎಲ್ಲಿದೆ ಅಂತ ಒಂದು ಆರ್‌ಟಿಐ ಹಾಕಿ ನೋಡಿ. ಅಂತರ್ಜಾತಿ ಮದುವೆಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ ಇದೆ, ಲಕ್ಷಗಳಲ್ಲೇ ಇದೆ. ಅದು ಸಿಗೋದು ಮದುವೆ ಆದ ಮೇಲೆ, ಬದುಕಿದ್ದರೆ. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆಗೋಣ ಅಂದರೆ 30 ದಿನ ಮೊದಲೇ ಕಚೇರಿ ಬೋರ್ಡಿಗೆ ನೋಟಿಸ್ ಅಂಟಿಸ್ತಾರೆ. ಊರಿನವರಿಗೆ ಹುಡುಕೋ ಕಷ್ಟವನ್ನೂ ಸರ್ಕಾರವೇ ತಪ್ಪಿಸಿದ ಹಾಗೆ.

ನಾಚಿಕೆ ಅಂದರೆ ಮುಗ್ಧತೆ ಅಲ್ಲ

ಇಷ್ಟು ಹೇಳಿದ ಮೇಲೆ ಹುಡುಗನನ್ನ ಪೂರ್ತಿ ಪಾಪದವನು ಮಾಡಿಬಿಟ್ಟರೆ ಅದೂ ಸುಳ್ಳು. ಬಸ್ಸಲ್ಲಿ ಎಂಟು ತಿಂಗಳಿಂದ ಒಬ್ಬ ನೋಡ್ತಾ ಇದ್ದಾನೆ, ಮಾತಾಡಲ್ಲ, ಅವಳು ಬಸ್ ಬದಲಿಸಿದರೆ ಅವನೂ ಬದಲಿಸ್ತಾನೆ. ಇದು ಅವನಿಗೆ ಪ್ರೀತಿ. ಅವಳಿಗೆ ಏನು ಅಂತ ಯೋಚಿಸಿ. ಬೇಡ ಅಂತ ಸೂಚಿಸಿದ ಮೇಲೂ ಮತ್ತೆ ಮತ್ತೆ ಹಿಂಬಾಲಿಸೋದು, ಮೆಸೇಜ್ ಹಾಕೋದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ತೆಲುಗೋ ಕನ್ನಡವೋ, ನಾವು ನೋಡಿ ಬೆಳೆದ ಸಿನಿಮಾದಲ್ಲಿ ಇದೇ ಹೀರೋನ ಕೆಲಸ. ಅವಳು ಬೈದಷ್ಟೂ ಹಾಡು ಜಾಸ್ತಿ. ನಾಚ್ಕೆ ಹುಡುಗನಿಗೆ ಇದು ಇನ್ನೂ ಅಪಾಯ, ಯಾಕಂದರೆ ಬಾಯಿಬಿಟ್ಟು ಕೇಳದವನಿಗೆ ‘ಇಲ್ಲ’ ಅನ್ನೋ ಉತ್ತರವೂ ಸಿಗಲ್ಲ. ತಲೆಯೊಳಗೇ ಎಂಟು ತಿಂಗಳು ಸಂಸಾರ ಮಾಡಿರ್ತಾನೆ, ಅವಳು ಇನ್ನೊಬ್ಬನ ಜೊತೆ ನಗ್ತಾ ನಿಂತಿದ್ದು ಕಂಡರೆ ಮೋಸ ಅನ್ನಿಸುತ್ತೆ. ಯಾವ ಮೋಸ? ಅವಳಿಗೆ ಇವನ ಹೆಸರೂ ಗೊತ್ತಿಲ್ಲ.

‘ನಿಮ್ಮ ಜೊತೆ ಮಾತಾಡ್ಬೋದಾ?’ ಅಂತ ಒಮ್ಮೆ ಕೇಳೋದು, ಬೇಡ ಅಂದರೆ ‘ಸರಿ’ ಅಂದು ಮುಂದಿನ ಸೀಟಿಗೆ ಹೋಗೋದು. ಇಷ್ಟನ್ನ ಅವನಿಗೆ ಯಾರೂ ಮಾಡಿ ತೋರಿಸಿಲ್ಲ, ಅಣ್ಣನೂ ಇಲ್ಲ, ಮೇಷ್ಟ್ರೂ ಇಲ್ಲ, ಹೀರೋನೂ ಇಲ್ಲ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19 ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಮಾಲೋಚನೆ ಇರಬೇಕು. ಕರ್ನಾಟಕದಲ್ಲಿ ಅದನ್ನ ‘ಸ್ನೇಹ ಕ್ಲಿನಿಕ್’ ಅಂತಾರೆ. ಮೈ, ಮನಸ್ಸು, ಸ್ವಪ್ನಸ್ಖಲನ, ಪ್ರೀತಿ, ಎಲ್ಲ ಕೇಳಬಹುದು, ದುಡ್ಡಿಲ್ಲ, ಗುಟ್ಟಾಗಿ ಇಡ್ತಾರೆ. ಕಾಗದದ ಮೇಲೆ ಒಳ್ಳೇ ಯೋಜನೆ. ಆದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಗುಟ್ಟು ಅನ್ನೋದು ಚೀಟಿ ಬರೆಸೋ ಸಾಲಲ್ಲೇ ಮುಗಿದುಹೋಗುತ್ತೆ. ನಮ್ಮ ಹುಡುಗ ಧೈರ್ಯ ಮಾಡಿ ಹೋದ ಅಂತಲೇ ಇಟ್ಟುಕೊಳ್ಳಿ. ಹಿಂದೆ ನಿಂತ ಊರಿನ ಚಿಕ್ಕಪ್ಪ ಯಾರೋ ಹೆಗಲ ಮೇಲೆ ಕೈ ಹಾಕಿ ‘ಯಾಕ್ಲಾ, ಏನಾಯ್ತು?’ ಅಂತ ಕೇಳ್ತಾರೆ. ಅವನು ‘ಏನಿಲ್ಲ ಚಿಕ್ಕಪ್ಪ, ತಲೆನೋವು’ ಅಂತಾನೆ. ಚೀಟಿ ಬರೆಯೋರೂ ಅದನ್ನೇ ಬರ್ಕೋತಾರೆ.